ಗಾಜಿನ ಮೇಲಿನ ಹೆಬ್ಬೆರಳು

ಬೆಳಕು ಅಳೆಯುವ ಕೋಣೆಗೆ ಕಿಟಕಿಯಿಲ್ಲ. ಗೋಡೆಗೆಲ್ಲ ಮಸಿಗಪ್ಪು ಬಣ್ಣ. ಅಪ್ಪ ಇಲ್ಲೇ ದುಡಿದು, ಇಲ್ಲಿಂದಲೇ ಆಸ್ಪತ್ರೆಗೆ ಹೋಗಿ ತೀರಿಕೊಂಡ ಮೇಲೆ ಅವನ ಕುರ್ಚಿ ಮಗಳಿಗೆ ಬಂದಿತ್ತು. ಅವನ ಮೀಟರೂ ಬಂತು, ಅದರ ಮೈಗೆ ಅಂಟಿಸಿದ್ದ ಅವನ ಅಪ್ಪಣೆಯೂ: 'ಗಾಜು ಮುಟ್ಟಬೇಡಿ.' ಯಾರೂ ಮುಟ್ಟಿರಲಿಲ್ಲ. ಕಸ ಗುಡಿಸುವವಳು ಕೂಡ ಮಲಗಿದ ಮಗುವನ್ನು ಬಳಸಿ ಹೋಗುವ ಹಾಗೆ ಆ ಮೇಜನ್ನು ಬಳಸಿ ಹೋಗುತ್ತಿದ್ದಳು.

ಕಣ್ಣಿನ ಚಿಕಿತ್ಸೆಯ ಲೇಸರ್ ಒಂದಕ್ಕೆ ಇವತ್ತು ಅವಳು ಸಹಿ ಹಾಕಬೇಕು. ಹೊಸದಾಗಿ ತರಿಸಿದ ಮೀಟರಿಗಿಂತ ಅಪ್ಪನದು ಕಡಿಮೆ ತೋರಿಸುತ್ತಿದೆ. ಅಪ್ಪನದನ್ನು ನಂಬಿ ಲೇಸರಿನ ಬೆಳಕನ್ನು ಏರಿಸಿ, ಅದೇನಾದರೂ ತಪ್ಪಾಗಿದ್ದರೆ, ಹೆಚ್ಚಾದ ಬೆಳಕು ಹೋಗುವುದು ಯಾರದೋ ಕಣ್ಣಿಗೆ.

"ಹೊಸದೇ ಸುಳ್ಳು ಹೇಳ್ತಿದೆ," ಎಂದಳು.

"ಇಲ್ಲಾ, ನಿಮ್ಮಪ್ಪ ಅಡ್ಡ ನಿಂತಿರ್ಬೇಕು," ಎಂದ ಪಕ್ಕದ ಮೇಜಿನ ಮೆಕ್ಯಾನಿಕ್, ಅಪ್ಪನ ಹಳೆಯ ಜೊತೆಗಾರ. "ಬದುಕಿದ್ದಾಗ್ಲೂ ಅಷ್ಟೇ, ಯಾರಿಗೂ ನೋಡೋಕೆ ಬಿಡ್ತಿರ್ಲಿಲ್ಲ. ಸ್ವಲ್ಪ ಆಚೆ ಸರಿಯೋಕೆ ಹೇಳು."

"ಸುಮ್ನಿರಿ ಮಾವ."

ಅವಳು ನಕ್ಕಳು. ಕಪ್ಪು ಬಟ್ಟೆ ಹೊದಿಸಿ ಮೊದಲು ಕತ್ತಲನ್ನು ಅಳೆದಳು. ಸೊನ್ನೆ. ಕತ್ತಲು ಪ್ರಾಮಾಣಿಕವಾಗಿಯೇ ಇತ್ತು. ಬೆಳಕು ಬಿಟ್ಟರೆ ಮತ್ತೆ ಅದೇ ಕೊರತೆ. ಎರಡು ಮೀಟರುಗಳ ಜಾಗ ಅದಲುಬದಲು ಮಾಡಿದಳು. ಕೊರತೆ ಅಪ್ಪನ ಮೀಟರಿನ ಜೊತೆಗೇ ಎದ್ದು ಹೋಯಿತು. ಅದರ ಮುಂದೆ ಯಾರೋ ನಿಂತು, ಪ್ರತಿ ಸಲವೂ ತಮ್ಮ ಪಾಲನ್ನಷ್ಟೇ ತೆಗೆದುಕೊಳ್ಳುತ್ತಿದ್ದ ಹಾಗೆ.

ಟಾರ್ಚನ್ನು ಓರೆಯಾಗಿ ಹಿಡಿದಳು. ಅಪ್ಪನ ಮೀಟರಿಗೆ ಬೆಳಕು ಒಳಹೋಗುವ ಗಾಜಿನ ಮೇಲೆ ಹೆಬ್ಬೆರಳಿನ ಗುರುತು, ಗೆರೆಗಳನ್ನು ಅಡ್ಡ ಸೀಳಿದ ಹಳೆಯ ಗಾಯದ ಕಲೆ ಸಮೇತ. ಚಿಕ್ಕಂದಿನಲ್ಲಿ ರಸ್ತೆ ದಾಟುವಾಗ ಅವಳು ಹಿಡಿದುಕೊಳ್ಳುತ್ತಿದ್ದದ್ದು ಅದೇ ಬೆರಳನ್ನು.

ಮೆಕ್ಯಾನಿಕ್ ಬಗ್ಗಿ ನೋಡಿದ. "ಅವನೇ," ಎಂದ ಮೆಲ್ಲಗೆ. "ಕೊನೆಕೊನೆಗೆ ಕೈ ನಡುಗ್ತಿತ್ತು. ಗ್ಲೌಸ್ ಹಾಕ್ಕೊಳ್ಳೋಕೂ ಆಗ್ತಿರ್ಲಿಲ್ಲ."

"ಈ ಗುರುತು ಬಿದ್ಮೇಲೆ ಹೋಗಿರೋ ಲೇಸರ್‌ಗಳನ್ನೆಲ್ಲಾ ವಾಪಸ್ ತರಿಸ್ಬೇಕು. ಎಲ್ಲದರಲ್ಲೂ ಬೆಳಕು ಜಾಸ್ತಿ ಇರುತ್ತೆ."

"ಯಾರ ತಪ್ಪು ಅಂತಾರಮ್ಮಾ."

"ಮುಟ್ಟಿದ್ದು ಅಪ್ಪ. ಒರೆಸದೇ ಇದ್ದಿದ್ದು ನಾನು."

ಮನೆಯಲ್ಲಿ ಅವನ ಬಟ್ಟೆಗಳನ್ನು ಯಾರಿಗೋ ಕೊಟ್ಟಾಗಿತ್ತು, ಕನ್ನಡಕ ಒಡೆದಿತ್ತು. ಅವನ ಮೈಯ ಗುರುತು ಉಳಿದಿದ್ದದ್ದು ಇದೊಂದೇ. ತೆಳು ಕಾಗದಕ್ಕೆ ಸ್ಪಿರಿಟ್ ಹನಿಸಿದಳು. ಕೈ ಸ್ವಲ್ಪ ಹೊತ್ತು ಗಾಳಿಯಲ್ಲೇ ನಿಂತಿತು.

"ಸ್ವಲ್ಪ ಆಚೆ ಸರಿಯಪ್ಪಾ," ಎಂದು ಒಂದೇ ಎಳೆತಕ್ಕೆ ಒರೆಸಿದಳು.

ಎರಡೂ ಮೀಟರುಗಳು ಒಂದೇ ಅಂಕಿ ಹೇಳಿದವು. ಒಂದು ಸಲದ ಅಳತೆಯನ್ನು ನಂಬಬಾರದೆಂಬುದು ಅಪ್ಪನೇ ಕಲಿಸಿದ ಪಾಠ, ಮತ್ತೊಮ್ಮೆ ಅಳೆದಳು. ಕೊರತೆ ಮರಳಿ ಬಂದೀತೇ ಎಂದು ಕಾದಳು.

ಬರಲಿಲ್ಲ. ಬೆಳಕಿಗೂ ಮೀಟರಿಗೂ ನಡುವೆ ಈಗ ಯಾರೂ ಇರಲಿಲ್ಲ.