ಬೋರಲು ಹಾಕಿದ ತಟ್ಟೆಗಳು

ತಳ ಹತ್ತಿದ ಗಂಜಿಯ ವಾಸನೆ ಬಂದರೆ ಸಾಕು, ಅವಳಿಗೆ ದೊಡ್ಡಮ್ಮನೇ ಬಂದು ಎದುರು ನಿಂತ ಹಾಗಾಗುತ್ತಿತ್ತು. ದೊಡ್ಡಮ್ಮ ಮಕ್ಕಳ ಹಾಸ್ಟೆಲೊಂದರಲ್ಲಿ ಅಡುಗೆಯವಳು. ಅಷ್ಟೂ ಮಕ್ಕಳಿಗೆ ಬಡಿಸಿ ಮುಗಿದ ಮೇಲೆ ಪಾತ್ರೆಯ ತಳ ಕೆರೆದುಕೊಂಡು, "ನಂಗೆ ಇದೇ ಕಣೇ ರುಚಿ" ಎಂದು ಚಪ್ಪರಿಸಿ ತಿನ್ನುವಳು. ಆ ಮಾತನ್ನು ಹಾಗೇ ನಂಬಿದ ಅವಳು, ಆಗ ಎಂಟು ವರ್ಷದ ಹುಡುಗಿ, ದೊಡ್ಡಮ್ಮ ಜ್ವರ ಬಂದು ಮಲಗಿದ ದಿನ ಗಂಜಿಯನ್ನು ಬೇಕೆಂದೇ ಸೀಯಿಸಿ ತಂದುಕೊಟ್ಟಿದ್ದಳು. ದೊಡ್ಡಮ್ಮ ಒಂದಗುಳೂ ಬಿಡದೆ ತಿಂದು, "ಎಷ್ಟು ಚೆನ್ನಾಗಿ ಸೀಯಿಸಿದೀಯೇ!" ಎಂದು ಕೆನ್ನೆ ಸವರಿದ್ದಳು.

ಸೋಮವಾರ ಮಧ್ಯಾಹ್ನ ನಿವೃತ್ತ ಸೈನಿಕರ ಆರೈಕೆಮನೆಯ ಮೂರನೆಯ ವಾರ್ಡಿಗೆ ಊಟದ ಗಾಡಿಯ ಜೊತೆ ಅದೇ ವಾಸನೆ ಬಂತು. ಅವಳು ಅಲ್ಲಿ ಹದಿನೇಳು ವರ್ಷದಿಂದ ನರ್ಸಿಂಗ್ ಸಹಾಯಕಿ. ಎಂಟು ಹಾಸಿಗೆ, ಎಂಟು ಮುದುಕರು. ಮೈ ಒರೆಸುವುದು, ಮಗ್ಗುಲು ಬದಲಿಸುವುದು, ಕೈ ನಡುಗುವವರಿಗೆ ತುತ್ತು ಕೊಡುವುದು ಅವಳ ಕೆಲಸ. ತೀರ ಸೊರಗಿದವರಿಗೆ ಮೊದಲು ಉಣಿಸಬೇಕೆಂಬುದು ಅವಳೇ ಮಾಡಿಕೊಂಡ ನಿಯಮ. ಆದ್ದರಿಂದ ಮೊದಲ ತಟ್ಟೆ ಹವಾಲ್ದಾರರಿಗೇ ಹೋಯಿತು.

ಹವಾಲ್ದಾರರಿಗೆ ಎಂಬತ್ತೊಂಬತ್ತು. ಮರೆವಿನ ಕಾಯಿಲೆ, ಮಾತು ನಿಂತು ವರ್ಷವಾಗಿತ್ತು. ಇಲ್ಲಿಗೆ ಬಂದ ಎಂಟು ದಿನದಲ್ಲಿ ಹಾಲು, ನೀರು ಬಿಟ್ಟು ಬೇರೇನೂ ಗಂಟಲಿಗಿಳಿದಿರಲಿಲ್ಲ. ಚಮಚ ಹತ್ತಿರ ತಂದರೆ ಮುಖ ತಿರುಗಿಸುವರು. ಬಲವಂತ ಮಾಡಿದರೆ ಅವಳ ಮಣಿಕಟ್ಟು ಹಿಡಿದು, ನೋವಾಗದ ಹಾಗೆ, ಆಚೆ ಸರಿಸುವರು.

ಫೋನು ಮಾಡಿದರೆ ಹವಾಲ್ದಾರರ ಮಗಳು ಅತ್ತೇಬಿಟ್ಟಳು. "ಮನೇಲಿ ತಿಂತಿದ್ರಲ್ಲ ಅಕ್ಕಾ! ನಮ್ಮದೆಲ್ಲ ಮುಗಿದು, ಪಾತ್ರೆ ತೊಳೆದು ಬೋರಲು ಹಾಕಿದ ಮೇಲೆ ಪಕ್ಕ ಕೂತ್ಕೊಂಡು ಸಾವಕಾಶವಾಗಿ ತಿನ್ನಿಸ್ತಿದ್ದೆ."

ಡಾಕ್ಟರು ಫೈಲು ಮುಚ್ಚಿ ಹೇಳಿದರು: "ಶುಕ್ರವಾರ ಮಧ್ಯಾಹ್ನ ನಾನೇ ನಿಂತು ನೋಡ್ತೀನಿ. ತಿನ್ನದಿದ್ರೆ ಮೂಗಿಗೆ ನಳಿಗೆ ಹಾಕೋದೇ. ಬೇರೆ ದಾರಿ ಇಲ್ಲ."

ನಳಿಗೆಯೆಂದರೆ ಏನೆಂದು ಅವಳಿಗೆ ಗೊತ್ತಿತ್ತು. ತಿಳಿವಳಿಕೆ ಇಲ್ಲದವರು ಅದನ್ನು ಕಿತ್ತುಹಾಕುತ್ತಾರೆ. ಆಗ ಕೈಗಳನ್ನು ಮಂಚದ ಸರಳಿಗೆ ಕಟ್ಟಬೇಕಾಗುತ್ತದೆ. ಕಟ್ಟುವವಳು ಅವಳೇ. ಹಿಂದೆ ಎರಡು ಸಲ ಕಟ್ಟಿದ್ದಳು. ಆ ಇಬ್ಬರೂ ಮತ್ತೆ ಕೈಯಾರೆ ಒಂದು ತುತ್ತು ಉಣ್ಣಲಿಲ್ಲ.

ಕಿಟಕಿಯ ಪಕ್ಕದ ಹಾಸಿಗೆಯಲ್ಲಿ ರೇಡಿಯೋ ತಾತ. ಸೈನ್ಯದಲ್ಲಿ ವೈರ್‌ಲೆಸ್ ನೋಡಿಕೊಳ್ಳುತ್ತಿದ್ದವರು, ಈಗ ಚಮಚವನ್ನೇ ಬಾಯಿಗೆ ಹಿಡಿದು ಮಾತಾಡುತ್ತಾರೆ. "ಹಲೋ ಹಲೋ ಅಡುಗೆಮನೆ, ಇವತ್ತೂ ಉಪ್ಪು ನಾಪತ್ತೆ. ಹುಡುಕಿಸಿ. ಓವರ್."

ಬುಧವಾರ ಊಟ ಮುಗಿಸಿದ ತಾತ ಎಂದಿನಂತೆ ತಟ್ಟೆಯನ್ನು ಟಕ್ಕೆಂದು ಬೋರಲು ಹಾಕಿದರು. ಅವಳು ಎಂದಿನಂತೆ ರೇಗಿದಳು.

"ತಾತಾ, ಟೇಬಲ್ಲೆಲ್ಲ ಅಂಟು! ಒರೆಸೋಳು ನಾನೋ, ನಿಮ್ಮ ಪಲ್ಟನ್ನೋ?"

"ಬೈಯಮ್ಮ, ಬೈ. ಶತ್ರುಗಳೇ ಇಷ್ಟು ಬೈದಿರಲಿಲ್ಲ."

ನಗುತ್ತ ತಿರುಗಿದವಳು ಹಾಗೇ ನಿಂತಳು. ಹವಾಲ್ದಾರರ ತೋರುಬೆರಳು ಮಂಚದ ಸರಳಿನ ಮೇಲೆ ನೆಟ್ಟಗೆ ನಿಂತಿತ್ತು. ಅವಳು ತಾತನ ತಟ್ಟೆಯನ್ನೆತ್ತಿ ಅಂಗಾತ ಇಟ್ಟಳು. ಬೆರಳು ಮಡಚಿಕೊಂಡಿತು. ಮತ್ತೆ ಬೋರಲು ಹಾಕಿದಳು. ಬೆರಳು ನಿಂತಿತು.

"ತಾತಾ, ತಟ್ಟೆ ಯಾಕೆ ಹೀಗೆ ಹಾಕ್ತೀರಿ?"

"ಹಳೇ ಅಭ್ಯಾಸ ಕಣಮ್ಮ. ಗಡೀಲಿ ರಾತ್ರಿ ದೀಪ ಹಚ್ಚೋ ಹಾಗಿಲ್ಲ, ಬಾಯಿ ಬಿಡೋ ಹಾಗಿಲ್ಲ. ಉಂಡವನು ತಟ್ಟೆ ಬೋರಲು ಹಾಕ್ಬೇಕು. ತುಕಡಿಯ ಯಜಮಾನ, ಅಂದ್ರೆ ಹವಾಲ್ದಾರ, ಕತ್ತಲಲ್ಲಿ ತೆವಳ್ಕೊಂಡು ಬಂದು ಒಂದೊಂದೇ ಮುಟ್ಟಿ ನೋಡೋನು. ಎಲ್ಲ ಬೋರಲಾದ ಮೇಲೇನೇ ಅವನ ಊಟ."

"ಎಲ್ಲ ಆಗದಿದ್ರೆ?"

"ಅವನೂ ಉಪವಾಸ." ತಾತ ಚಮಚ ಕೆಳಗಿಟ್ಟರು. ಅವರ ಕಣ್ಣೂ ಹವಾಲ್ದಾರರ ಕಡೆ ಹೋಗಿತ್ತು. "ಅಯ್ಯೋ, ಹತ್ತು ದಿನದಿಂದ ಕಾಯ್ತಾ ಇದಾರಲ್ಲಮ್ಮ!"

ಪಾಪ, ಸೊರಗಿದ್ದಾರೆಂದು ದಿನಾ ಮೊದಲ ತಟ್ಟೆಯನ್ನು ಅವರ ಮುಂದೆಯೇ ಹಿಡಿದಿದ್ದಳು. ಉಂಡವರ ತಟ್ಟೆಗಳನ್ನು ಚೊಕ್ಕವಾಗಿ ಅಂಗಾತ ಜೋಡಿಸಿ, ಅವರ ಕಣ್ಣೆದುರೇ ಎತ್ತಿಕೊಂಡು ಹೋಗಿದ್ದಳು.

ಗುರುವಾರ ಅವಳು ನಿಯಮವನ್ನು ತಲೆಕೆಳಗು ಮಾಡಿದಳು. ಹವಾಲ್ದಾರರ ತಟ್ಟೆಯನ್ನು ಮುಚ್ಚಿಟ್ಟು ಉಳಿದ ಏಳು ಜನಕ್ಕೆ ಬಡಿಸಿದಳು. ತಾತ ಚಮಚದಲ್ಲಿ ಆಜ್ಞೆ ಹೊರಡಿಸಿದರು: "ಎಲ್ಲರೂ ಕೇಳಿ, ಉಂಡವರು ತಟ್ಟೆ ಬೋರಲು ಹಾಕಿ. ಟೇಬಲ್ ಅಂಟಾದ್ರೆ ಇವತ್ತು ಬೈಗುಳ ಇಲ್ಲ. ಓವರ್." ಟಕ್, ಟಕ್ ಎಂದು ತಟ್ಟೆಗಳು ಮಗುಚಿದವು. ಒಂದೇ ಕೈಯಿದ್ದ ಮುದುಕರೊಬ್ಬರ ತಟ್ಟೆಯನ್ನು ಪಕ್ಕದವರು, ಕೇಳದೆಯೇ, ತಿರುಗಿಸಿಟ್ಟರು. ಸರಳಿನ ಮೇಲೆ ಹವಾಲ್ದಾರರ ಬೆರಳುಗಳು ಒಂದೊಂದಾಗಿ ಎದ್ದವು. ಏಳು.

ಅವಳು ಚಮಚ ಚಾಚಿದಳು. ಹವಾಲ್ದಾರರು ಬಾಯಿ ತೆರೆಯಲಿಲ್ಲ. ಅವಳ ಮುಖವನ್ನೇ ನೋಡುತ್ತ ಕೂತರು.

"ಇನ್ನೇನು ಬೇಕಂತೆ ತಾತಾ ಇವರಿಗೆ?"

"ಅದಿರಲಿ, ನೀನು ಉಂಡ್ಯಾ?"

"ನಂದು ಬಿಡಿ. ನಾನು ಮೂರು ಗಂಟೆಗೆ, ಬಟ್ಟೆ ಕೋಣೇಲಿ ನಿಂತ್ಕೊಂಡು..." ಎಂದವಳು ಮಾತು ಅಲ್ಲಿಗೇ ನಿಲ್ಲಿಸಿದಳು.

ಹೋಗಿ ತನ್ನ ಡಬ್ಬಿ ತಂದಳು. ಹದಿನೇಳು ವರ್ಷದಲ್ಲಿ ಮೊದಲ ಸಲ ವಾರ್ಡಿನೊಳಗೆ ಕುರ್ಚಿ ಎಳೆದುಕೊಂಡು ಕೂತು ಉಂಡಳು. ಎಂಟು ಜೊತೆ ಕಣ್ಣು ಅವಳ ಒಂದೊಂದು ತುತ್ತನ್ನೂ ಕಾಯುತ್ತಿದ್ದವು. ಮುಗಿಸಿ ಡಬ್ಬಿಯನ್ನು ಬೋರಲು ಹಾಕಿದಳು.

ಎಂಟನೆಯ ಬೆರಳು ಎದ್ದಿತು. ಹವಾಲ್ದಾರರು ಅವಳ ಕೈಯಿಂದ ಚಮಚವನ್ನು ತಾವೇ ತೆಗೆದುಕೊಂಡು, ಅರ್ಧ ಚೆಲ್ಲುತ್ತ, ಅರ್ಧ ತಿನ್ನುತ್ತ ತಟ್ಟೆ ಬರಿದು ಮಾಡಿದರು.

ಹೆಂಡತಿಯ ಮುಖ ಮರೆತು, ಮಗಳ ಹೆಸರು ಮರೆತು, ತನ್ನ ಹೆಸರನ್ನೂ ಮರೆತ ಈ ಜೀವ, ಹಸಿದವರು ಯಾರಾದರೂ ಉಳಿದಿದ್ದಾರೆಯೇ ಎಂದು ನೋಡುವುದನ್ನು ಮಾತ್ರ ಮರೆತಿಲ್ಲವಲ್ಲ! ಎಲ್ಲ ಅಳಿಸಿಹೋದ ಮೇಲೂ ಮನುಷ್ಯನ ತಳದಲ್ಲಿ ಇಂಥದ್ದೊಂದು ಉಳಿದಿರಬಹುದೆಂದು ಅವಳು ಯೋಚಿಸಿಯೇ ಇರಲಿಲ್ಲ. ಎದ್ದು ನಿಂತವಳಿಗೆ ಆ ಮಂಚದ ಮುಂದೆ ಕೈ ಎಲ್ಲಿಟ್ಟುಕೊಳ್ಳಬೇಕೆಂದು ತಿಳಿಯಲಿಲ್ಲ.

ಶುಕ್ರವಾರ ಡಾಕ್ಟರು ಬಂದರು. ಕಣ್ಣು ಕೆಂಪಗಿತ್ತು, ಕೋಟಿನ ಗುಂಡಿಗಳು ಮೇಲೆಕೆಳಗಾಗಿದ್ದವು. ಅವಳು ಹಿಂದಿನ ದಿನದ್ದನ್ನು ಹೇಳಿದಾಗ, "ಸರಿ, ಕಣ್ಣಾರೆ ನೋಡೋಣ" ಎಂದು ಮಂಚದ ಕಾಲ ಬಳಿ ನಿಂತರು. ಏಳು ತಟ್ಟೆ ಬೋರಲಾದವು, ಅವಳ ಡಬ್ಬಿಯೂ ಬೋರಲಾಯಿತು. ಎಂಟು ಬೆರಳು ಎದ್ದವು. ಹವಾಲ್ದಾರರು ಚಮಚವನ್ನು ಬಾಯಿಯ ತನಕ ಎತ್ತಿದರು. ಅಲ್ಲಿಂದ ಹಾಗೆಯೇ ಕೆಳಗಿಳಿಸಿದರು.

ಒಂದು ನಿಮಿಷ ಹೋಯಿತು. ಎರಡಾಯಿತು.

"ನಿನ್ನೆ ಏನೋ ಒಂದ್ಸಲ ತಿಂದಿರ್ಬಹುದು ಅಕ್ಕ," ಎಂದರು ಡಾಕ್ಟರು, ಬೇಸರದಿಂದಲೇ. "ಇನ್ನು ಕಾಯೋಕಾಗಲ್ಲ." ಪೆನ್ನಿನ ಮುಚ್ಚಳ ತೆಗೆದರು.

ಹವಾಲ್ದಾರರ ಕಣ್ಣುಗಳು ಎತ್ತ ನೋಡುತ್ತಿವೆಯೆಂದು ಅವಳು ಗಮನಿಸಿದಳು. ಅವು ಪೆನ್ನನ್ನು ನೋಡುತ್ತಿರಲಿಲ್ಲ, ಫೈಲನ್ನೂ ನೋಡುತ್ತಿರಲಿಲ್ಲ. ಡಾಕ್ಟರ ಬಾಡಿದ ಮುಖವನ್ನು ನೋಡುತ್ತಿದ್ದವು. ಅವರ ಜೇಬಿನಿಂದ ಬಿಸ್ಕತ್ತಿನ ಪೊಟ್ಟಣವೊಂದು ಇಣುಕುತ್ತಿತ್ತು, ಬಿಚ್ಚಿಯೂ ಇರಲಿಲ್ಲ.

ಅವಳು ಗಾಡಿಯ ಬಳಿ ಹೋಗಿ ಶುಭ್ರವಾದ ತಟ್ಟೆಯೊಂದನ್ನು ತೆಗೆದುಕೊಂಡಳು. ತಳ ಕೆರೆಯದೆ, ಮೇಲಿನ ತಿಳಿಗಂಜಿಯನ್ನೇ ಬಡಿಸಿದಳು. ಕುರ್ಚಿಯನ್ನು ಡಾಕ್ಟರ ಹಿಂದೆ ಸರಿಸಿದಳು. ಆಮೇಲೆ ಅವರ ಬೆರಳುಗಳ ನಡುವಿನಿಂದ ಪೆನ್ನನ್ನು ಮೆಲ್ಲಗೆ ಬಿಡಿಸಿಕೊಂಡು, ಆ ಕೈಗೆ ತಟ್ಟೆಯನ್ನು ಕೊಟ್ಟಳು.