ಅರವತ್ತೊಂದನೆಯದು

ಮಾಜಿ ಸೈನಿಕರ ಸಂಘಕ್ಕೆ ಹೊಸಬರು ಬಂದರೆ ಗಿಡ್ಡಜ್ಜನಿಗೆ ಮೈಯೆಲ್ಲ ಉರಿ. ಮೂವತ್ತೆಂಟು ವರ್ಷದ ಹಿಂದೆ ಗಡಿಯ ಬಯಲಲ್ಲಿ ನೆಲಬಾಂಬು ಹೂತು, ಹೆಜ್ಜೆ ಎಣಿಸಿ ನಕ್ಷೆ ಬರೆದು ಬಂದ ಆಸಾಮಿ ಅವನು. ಈಗಿನವರು ಯಂತ್ರ ನಂಬಿ ಸಿಪಾಯಿಗಳಾದವರು, ಹೆಜ್ಜೆ ಎಣಿಸಲೂ ಬಾರದವರು ಎಂದು ಸಿಕ್ಕವರ ಕಿವಿಯೆಲ್ಲ ಕೊರೆಯುತ್ತಿದ್ದ.

ಆ ಜಂಬದ ಅಡಿಯಲ್ಲಿ ಒಂದು ಮುಳ್ಳಿತ್ತು. ನಕ್ಷೆಯ ನಾಲ್ಕನೇ ಸಾಲಿಗೆ ಅಜ್ಜ ಅರವತ್ತೊಂದು ಬಾಂಬು ಎಂದು ಬರೆದಿದ್ದ. ಜೊತೆಗೆ ಬಾಂಬು ಹೂತ ಗೆಳೆಯ ಅರವತ್ತೇ ಎಂದಿದ್ದ. ಇಬ್ಬರೂ ತಾವು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರು; ಗೆಳೆಯ ಸಾಯುವ ತನಕ ಜಗಳ ನಡೆಯಿತು. ಸಂಘದವರಿಗೆ ಅದು ತಮಾಷೆ. ಅಜ್ಜನಿಗೆ ಮಾತ್ರ ಭಯ. ಅದೊಂದು ಸಾಲು ತಪ್ಪಿದ್ದರೆ ಉಳಿದವೂ ತಪ್ಪಿರಬಹುದು. ತನ್ನ ಕಾಗದ ನಂಬಿ ಯಾರಾದರೂ ಕಾಲಿಟ್ಟಿದ್ದರೆ?

ಆ ಭಾನುವಾರ ಸದಸ್ಯತ್ವದ ಅರ್ಜಿ ತುಂಬುತ್ತ ಕೂತಿದ್ದವಳಿಗೆ ನಲವತ್ತೂ ಆಗಿರಲಿಲ್ಲ. ಅಜ್ಜ ಎದ್ದುಹೋಗಿ ತನಗೆ ಚಹಾ ತಂದುಕೊಂಡ. ಅವಳು ಬರೆಯುವುದು ಬಿಟ್ಟು ಅವನ ಕಾಲನ್ನೇ ನೋಡುತ್ತಿದ್ದಳು.

"ಏನಮ್ಮಾ, ಮುಖ ಬಿಟ್ಟು ಕಾಲು ನೋಡ್ತಿದೀಯ? ಚಪ್ಪಲಿ ಬೇಕಿತ್ತಾ?"

"ಇಪ್ಪತ್ತೆಂಟು ಇಂಚಿನ ಹೆಜ್ಜೆ," ಎಂದಳು ಅವಳು. "ಸರ್, ಗಡಿ ಹಳ್ಳದ ಪಕ್ಕದ ಬಯಲಿನ ನಕ್ಷೆ ಬರೆದಿದ್ದು ನೀವೇನಾ?"

ಅಜ್ಜ ಚಹಾ ಲೋಟ ಕೆಳಗಿಟ್ಟ. ಹೌದೆಂದು ತಲೆ ಆಡಿಸಿದ.

"ಸೈನ್ಯದಲ್ಲಿ ನಂದು ಬಾಂಬು ತೆಗೆಯೋ ಕೆಲಸ. ಕವಾಯತಿನ ಲೆಕ್ಕದಂತೆ ಹೆಜ್ಜೆಗೆ ಮೂವತ್ತಿಂಚು ಅಂತ ಹಿಡಿದು ಹುಡುಕಿದ್ರೆ ಒಂದೂ ಸಿಗಲಿಲ್ಲ. ನೀವು ಗುರುತು ಹಾಕಿದ್ದ ಎರಡು ಬಂಡೆ ಮಧ್ಯೆ ಅಳೆದು ನೋಡ್ದೆ. ಆಗ ಗೊತ್ತಾಯ್ತು, ಬರೆದೋರು ಗಿಡ್ಡ ಅಂತ!"

ಸಂಘವೇ ಗೊಳ್ಳೆಂದಿತು. ಅಜ್ಜ ನಗಲಿಲ್ಲ.

"ನಾಲ್ಕನೇ ಸಾಲು?"

"ಅರವತ್ತು ಸಿಕ್ತು."

"ನೋಡಿದ್ಯಾ, ಸತ್ತೋನೇ ಗೆದ್ದ!" ಎಂದ ಹಿಂದಿನಿಂದ ಒಬ್ಬ.

"ಇನ್ನೂ ಮುಗಿದಿಲ್ಲ ತಡೀರಿ," ಎಂದು ಅವಳು ಅವನತ್ತ ಸಿಡುಕಿದಳು. "ಬಾಂಬು ಹುಡುಕೋ ಯಂತ್ರ ಇನ್ನೇನೂ ಇಲ್ಲ ಅಂತು. ನಮ್ಮ ಅಧಿಕಾರಿ, ಮುದುಕ ಲೆಕ್ಕ ತಪ್ಪಿದಾನೆ, ಗಂಟುಮೂಟೆ ಕಟ್ಟಿ ಅಂದ್ರು. ನಾನು ಒಪ್ಪಲಿಲ್ಲ. ಆರು ತಿಂಗಳು ನಿಮ್ಮ ಹೆಜ್ಜೇಲೇ ನಡೆದಿದ್ದೆ ಸರ್, ಎಲ್ಲೂ ನೀವು ತಪ್ಪಿರಲಿಲ್ಲ. ಹೊಟ್ಟೆ ಮೇಲೆ ಮಲಗಿ ಮೂರು ದಿನ ಕೆದಕಿದೆ. ಹಳ್ಳದ ನೀರು ಎಳ್ಕೊಂಡು ಹೋಗಿ ಕೆಸರಲ್ಲಿ ಆಳಕ್ಕೆ ಸೇರಿಸಿತ್ತು. ಅರವತ್ತೊಂದನೇದು. ನೀವು ಅರವತ್ತು ಅಂತ ಬರೆದಿದ್ರೆ ಅಲ್ಲೇ ಬಿಟ್ಟು ಬರ್ತಿದ್ವಿ. ಈಗ ಅಲ್ಲಿ ಮಕ್ಕಳು ಚೆಂಡಾಡ್ತಾರೆ."

ಅಜ್ಜ ಅವಳತ್ತ ಬಾಗಿದ. "ತೆಗೆದೋರು ಯಾರು?"

"ನಾನೇ."

ಅಜ್ಜ ಅವಳ ಎರಡೂ ಕೈ ಎಳೆದುಕೊಂಡು, ಆಗತಾನೆ ಹುಟ್ಟಿದ ಕೂಸಿನ ಬೆರಳು ಎಣಿಸುವ ಹಾಗೆ ಒಂದೊಂದನ್ನೇ ಮುಟ್ಟಿ ಎಣಿಸಿದ. ಹತ್ತೂ ಇದ್ದವು. ಮೂವತ್ತೆಂಟು ವರ್ಷದಲ್ಲಿ ಇಷ್ಟು ಹೆಮ್ಮೆ ಅವನಿಗೆ ತನ್ನ ಮೇಲೆ ಒಮ್ಮೆಯೂ ಆಗಿರಲಿಲ್ಲ. ಇದು ಅವಳ ಮೇಲಿನ ಹೆಮ್ಮೆ.

ಸಂಘದ ಕಡೆ ತಿರುಗಿ ಗದರಿದ: "ಏನ್ರೋ ಕೂತಿದೀರಾ? ನಾನು ಹೂತು ಬಂದಿದ್ದು ಅರ್ಧ ಕೆಲಸ. ಮುಗಿಸಿದೋಳು ಇವಳು. ಏಳ್ರಿ ಮೇಲೆ!"

ಮಂಡಿನೋವಿನವರೂ ಎದ್ದು ನಿಂತರು.