ಮಹಾತಾಯಿಯ ಫೋನಿಗೆ ಬಂದ ಮಗು

ಒಳಗೆ ಹೋದ ಸೊಳ್ಳೆ ಹೊರಗೆ ಬಂದು ಸ್ವೆಟರ್ ಕೇಳುತ್ತಿತ್ತು, ಅಂಥ ಚಳಿ ಆ ಸರ್ವರ್ ಕೋಣೆಯದು. ಸುತ್ತಮುತ್ತಲಿನ ಶಾಲಾ ವಲಯಗಳೆಲ್ಲ, ತಮತಮಗೆ ಬೇರೆ ಬೇರೆ ಕಂಪ್ಯೂಟರ್ ವ್ಯವಸ್ಥೆ ಸಾಕುವ ತಾಪತ್ರಯ ಬೇಡವೆಂದು, ಕೂಡಿ ಒಂದೇ ಕೇಂದ್ರ ಕಟ್ಟಿಕೊಂಡಿದ್ದವು. ಯಾವ ಮಗು ತರಗತಿಗೆ ಬಂತು, ಯಾವ ಬಸ್ಸು ಎಲ್ಲಿ ನಿಂತಿದೆ, ಯಾವ ಶಾಲೆಯಲ್ಲಿ ಯಾವಾಗ ಗಂಟೆ ಬಾರಿಸಬೇಕು, ಧ್ವನಿವರ್ಧಕದಲ್ಲಿ ಏನು ಕೇಳಿಸಬೇಕು, ಎಲ್ಲವೂ ಆ ಕೋಣೆಯ ಕಪ್ಪು ಪೆಟ್ಟಿಗೆಗಳ ಹೊಟ್ಟೆಯಲ್ಲಿ. ಅಲ್ಲಿ ಕೆಲಸ ಮಾಡುವವರಲ್ಲಿ ಒಬ್ಬರು ಜೋರಾಗಿ ಸೀನಿದರೆ ಲಕ್ಷ ಮಕ್ಕಳಿಗೆ ಅರ್ಧ ದಿನ ರಜೆ ಸಿಗುತ್ತಿತ್ತು ಎಂದರೆ ಅದು ಉತ್ಪ್ರೇಕ್ಷೆ. ಕಾಲು ದಿನ ಸಿಗುತ್ತಿತ್ತು.

ನಿಜವಾದ ವಲಯಗಳ ಪಕ್ಕದಲ್ಲಿ ಅವರು ಒಂದು ಸುಳ್ಳು ವಲಯವನ್ನೂ ಸಾಕಿಕೊಂಡಿದ್ದರು, ಬರೀ ಪ್ರಯೋಗಕ್ಕೆ. ಸುಳ್ಳು ಶಾಲೆಗಳು, ಸುಳ್ಳು ಬಸ್ಸುಗಳು, ಟೊಣಪ, ಗುಂಡುಮರಿ, ಗುಡುಗುರಾಣಿ ಎಂಬ ಸುಳ್ಳು ಮಕ್ಕಳು. ಸುಳ್ಳು ಮಕ್ಕಳಿಗೂ ಅಪ್ಪ ಅಮ್ಮ ಬೇಕಲ್ಲ? ಕೆಲಸಕ್ಕೆ ಸೇರಿದವರೆಲ್ಲ ಮೊದಲ ದಿನವೇ ತಮ್ಮ ಫೋನ್ ನಂಬರು ಕೊಟ್ಟು ಒಂದಷ್ಟು ಮಕ್ಕಳನ್ನು ದತ್ತು ತೆಗೆದುಕೊಳ್ಳುವುದು ಅಲ್ಲಿನ ಪದ್ಧತಿ. ಬಸ್ಸಿನ ವಿಭಾಗ ನೋಡಿಕೊಳ್ಳುತ್ತಿದ್ದವಳು, ಯಾರಿಗೂ ಇಲ್ಲ ಎನ್ನಲಾರದೆ, ಕೆಲಸ ಬಿಟ್ಟು ಹೋದವರ ಮಕ್ಕಳನ್ನೂ ತನ್ನ ಮಡಿಲಿಗೇ ಹಾಕಿಕೊಂಡಿದ್ದಳು. ಮದುವೆಗೆ ಮುಂಚೆ ಅಷ್ಟು ಮಕ್ಕಳಿದ್ದ ಹೆಂಗಸು ಭೂಮಿಯ ಮೇಲೆ ಇನ್ನೊಬ್ಬಳಿರಲಿಲ್ಲ. ಆಫೀಸಿನವರಿಗೆಲ್ಲ ಅವಳು ಮಹಾತಾಯಿ.

ಮಕ್ಕಳು ಬಸ್ಸು ಹತ್ತುವಾಗಲೂ ಇಳಿಯುವಾಗಲೂ ಬಾಗಿಲ ಬಳಿಯ ಪುಟ್ಟ ಯಂತ್ರಕ್ಕೆ ಕಾರ್ಡು ತೋರಿಸಬೇಕು. ಹತ್ತಿದ ಮಗು ಇಳಿಯದೆ ಉಳಿದರೆ ಮನೆಯವರ ಫೋನಿಗೆ ಸಂದೇಶ ಹೋಗುತ್ತದೆ. ಆ ಸಂದೇಶ ಸರಿಯಾಗಿ ಹೋಗುತ್ತದೋ ಇಲ್ಲವೋ ನೋಡಲು ಮಹಾತಾಯಿ ದಿನಾ ಬೆಳಿಗ್ಗೆ ಅದನ್ನು ಸುಳ್ಳು ವಲಯಕ್ಕೆ ಕಳಿಸುತ್ತಿದ್ದಳು. ಗುಂಡಿ ಒತ್ತಿದಳೋ ಇಲ್ಲವೋ, ಆಫೀಸಿನ ಫೋನುಗಳೆಲ್ಲ ಒಟ್ಟಿಗೆ ಕಿರುಚಿ, ಮೇಜಿನ ಮೇಲಿನ ಲೋಟಗಳು ತಾವಾಗಿ ನಡೆದಾಡಿ, ಎದುರು ಬೀದಿಯ ನಾಯಿಗಳು ಊರು ಬಿಡುತ್ತಿದ್ದವು. ಆ ಗದ್ದಲ ಕೇಳಿದರೇ ಅವಳಿಗೆ ಸಮಾಧಾನ.

ಆ ದಿನವೂ ಒತ್ತಿದಳು. ಒಂದು ಫೋನೂ ಉಸಿರೆತ್ತಲಿಲ್ಲ.

“ಏನಮ್ಮಾ ಮಹಾತಾಯಿ, ಮಕ್ಕಳೆಲ್ಲ ಓಡಿಹೋದ್ವಾ?” ಎಂದ ಪಕ್ಕದ ಮೇಜಿನವನು, ಆಫೀಸಿನವರಿಗೆಲ್ಲ ಗಡಿಬಿಡಿ. ಒಂದೊಂದು ಕಾಲಿಗೆ ಒಂದೊಂದು ಬಗೆಯ ಚಪ್ಪಲಿ ಹಾಕಿಕೊಂಡು ಬಂದು, ಅದೇ ಹೊಸ ಫ್ಯಾಷನ್ ಎಂದು ಸಾಧಿಸುವ ಆಸಾಮಿ ಅವನು.

“ಸುಮ್ನಿರು. ಕಳಿಸಿದ್ದೀನಿ. ಹೋಗಿದೆ ಅಂತ ತೋರಿಸ್ತಿದೆ.”

“ಹೋಗಿದ್ರೆ ಎಲ್ಲಿಗೆ ಹೋಯ್ತು?”

ಅವನು ಕೇಳಿದ್ದು ತಮಾಷೆಗೆ. ಅವಳು ಮತ್ತೆ ಸ್ಕ್ರೀನಿನತ್ತ ಬಾಗಿದಳು. ಅಷ್ಟರಲ್ಲಿ ಒಂದೇ ಒಂದು ಫೋನು ಟಿಣ್ ಎಂದಿತು. ಅವಳದೇ.

“ಬಂತು ನೋಡಿ! ತಡವಾಗಿಯಾದ್ರೂ ಬಂತು!” ಎಂದು ಕೋಣೆಯವರೆಲ್ಲ ಚಪ್ಪಾಳೆ ತಟ್ಟಿದರು. ಮಹಾತಾಯಿ ನಕ್ಕಳು, ಫೋನು ನೋಡಿದಳು, ನಗು ಮುಖದ ಮೇಲೆ ಮರೆತುಹೋದ ಹಾಗೆ ಹಾಗೇ ಉಳಿಯಿತು. ‘ನಿಮ್ಮ ಮಗಳು ಬಸ್ಸಿನಿಂದ ಇಳಿದದ್ದು ದಾಖಲಾಗಿಲ್ಲ.’ ಕೆಳಗಿದ್ದ ಹೆಸರು ಟೊಣಪನದಲ್ಲ, ಗುಡುಗುರಾಣಿಯದಲ್ಲ. ಯಾರೋ ಒಂಬತ್ತು ತಿಂಗಳು ಯೋಚಿಸಿ ಇಟ್ಟಂಥ ಹೆಸರು. ಒಂದನೇ ತರಗತಿ. ಶಾಲೆ, ನಿನ್ನೆ ತಾನೇ ಕೇಂದ್ರಕ್ಕೆ ಹೊಸದಾಗಿ ಸೇರಿದ ಪುಟ್ಟ ವಲಯದ್ದು.

“ನಿನ್ನೆ ಹೊಸ ವಲಯ ಸೇರಿಸಿದ್ದು ಯಾರು?”

“ನಾನೇ,” ಎಂದ ಗಡಿಬಿಡಿ ಹೆಮ್ಮೆಯಿಂದ. “ಸುಳ್ಳು ವಲಯಾನೇ ಅಚ್ಚು ಮಾಡ್ಕೊಂಡು ಎರಕ ಹೊಯ್ದೆ. ಅರ್ಧ ಗಂಟೇಲಿ ಮುಗೀತು.”

“ಫೋನ್ ನಂಬರು?”

ಅವನು ಸ್ಕ್ರೀನಿನತ್ತ ಬಾಗಿದ. ಅವನ ಕಿವಿಗಳು ಎಷ್ಟು ಕೆಂಪಾದವೆಂದರೆ ದೀಪ ಆರಿಸಿದ್ದರೂ ಆ ಬೆಳಕಿನಲ್ಲಿ ಓದಬಹುದಿತ್ತು. ನಂಬರುಗಳು ಸಾಲಿಗೆ ಸಾಲು ಅದಲುಬದಲಾಗಿದ್ದವು. ಸುಳ್ಳು ಮಕ್ಕಳ ಸಂದೇಶ ಹೊಸ ವಲಯದ ನಿಜವಾದ ಅಪ್ಪ ಅಮ್ಮಂದಿರಿಗೆ ಹೋಗಿತ್ತು. ನಿಜವಾದ ಮಗುವಿನ ಸಂದೇಶ ಸುಳ್ಳು ತಾಯಿಗೆ ಬಂದಿತ್ತು. ಹುಡುಗಿ ಬಸ್ಸಿನಲ್ಲೇ ಉಳಿದಿದ್ದಾಳೆಂದು ಪ್ರಪಂಚದಲ್ಲಿ ಗೊತ್ತಿದ್ದದ್ದು ಮಹಾತಾಯಿಯೊಬ್ಬಳಿಗೆ.

ತರಗತಿಯ ಹಾಜರಿ ತೆಗೆದು ನೋಡಿದಳು. ಹುಡುಗಿ ಬಂದಿಲ್ಲ. ಹೊರಗೆ ಬಿಸಿಲು ಆಗಲೇ ಕಿಟಕಿಯ ಗಾಜು ಕಾಯಿಸುತ್ತಿತ್ತು. ಬಸ್ಸಿಗೂ ಗಾಜುಗಳೇ ಅಲ್ಲವೇ ಇರುವುದು.

ಶಾಲೆಗೆ ಫೋನು ಹಚ್ಚಿದಳು. ಬಿಡುವಿಲ್ಲ. ಮತ್ತೆ ಹಚ್ಚಿದಳು. ಬಿಡುವಿಲ್ಲ. ಇರುವುದಾದರೂ ಹೇಗೆ? ‘ನಿಮ್ಮ ಮಗ ಟೊಣಪ ಬಸ್ಸಿನಿಂದ ಇಳಿದಿಲ್ಲ’ ಎಂಬಂಥ ಸಂದೇಶ ಬಂದವರೆಲ್ಲ, ಅಂದರೆ ಆ ವಲಯದಲ್ಲಿ ಮಕ್ಕಳಿದ್ದವರೆಲ್ಲ, ಅದೇ ಫೋನಿಗೆ ಮುಗಿಬಿದ್ದಿದ್ದರು. ದಾರಿಗೆ ಅಡ್ಡ ಬಿದ್ದಿದ್ದದ್ದು ಅವಳೇ ಕಳಿಸಿದ ಸಂದೇಶ.

ಗಲಾಟೆ ಕೇಳಿ ಮ್ಯಾನೇಜರು ಬಂದರು. ಅವರಿಗೆ ಕೇಂದ್ರದ ಮಾನ ಎಂದರೆ ಕಣ್ಣಿಗಿಂತ ಹೆಚ್ಚು. ಗೋಡೆಯ ಬಣ್ಣ ಸುಲಿದರೂ ಅವರ ಮೈ ತುರಿಸುತ್ತಿತ್ತು.

“ಮೊದಲು ಎಲ್ಲರಿಗೂ ಒಂದು ಸಂದೇಶ ಕಳಿಸಿ,” ಎಂದರು. “ಇವತ್ತಿನ ಬಸ್ಸಿನ ಸುದ್ದಿಯೆಲ್ಲ ಸುಳ್ಳು, ಮಕ್ಕಳೆಲ್ಲ ಕ್ಷೇಮ ಅಂತ.”

“ಎಲ್ಲ ಸುಳ್ಳಲ್ಲ ಸಾರ್. ಒಂದು ನಿಜ.”

“ಕಾರ್ಡು ತೋರಿಸೋಕೆ ಮರೆತಿರಬೋದು.”

“ಬಸ್ಸಲ್ಲೇ ಇರಬೋದು. ಕ್ಷೇಮ ಅಂತ ಯಾರನ್ನ ಕೇಳಿ ಬರೀಲಿ?”

ಅವಳು ಧ್ವನಿವರ್ಧಕದ ಸ್ವಿಚ್ಚಿಗೆ ಕೈ ಹಾಕಿದಳು. ಬೆಂಕಿ ಬಿದ್ದರೆ, ಭೂಮಿ ಅದುರಿದರೆ ಮಾತ್ರ ಕೇಂದ್ರದಿಂದ ನೇರವಾಗಿ ಶಾಲೆಯೊಳಗೆ ಮಾತಾಡಬಹುದೆಂದು ಅದರ ಮೇಲೆ ಕೆಂಪು ಚೀಟಿ ಅಂಟಿಸಿದ್ದವರು ಮ್ಯಾನೇಜರೇ.

“ಶಾಲೆಪೂರ್ತಿ ಕೇಳ್ಸುತ್ತಮ್ಮಾ! ಮಕ್ಕಳು ಹೆದರ್ತಾರೆ!”

“ಹೆದರದ ಹಾಗೆ ಹೇಳ್ತೀನಿ.”

ಹೇಳಿದಳು ಕೂಡ. ಜೋಗುಳ ಹಾಡುವ ದನಿಯಲ್ಲಿ ಹೇಳಿದಳು: “ಆಫೀಸಿನ ಅಕ್ಕ, ಕೈಲಿರೋ ಫೋನು ಕೆಳಗಿಡಿ. ಹಿತ್ತಲಲ್ಲಿ ನಿಂತಿರೋ ಬಸ್ಸಿನ ಹತ್ರ ಯಾರನ್ನಾದ್ರೂ ಕಳಿಸಿ. ಒಂದನೇ ತರಗತಿ ಹುಡುಗಿಯೊಬ್ಬಳು ಒಳಗಿರಬೋದು.” ಹೆಸರು ಹೇಳಿದಳು, ತನ್ನ ನಂಬರು ಹೇಳಿದಳು. ಆಮೇಲೆ ಕಾದಳು. ಅದು ಇಲ್ಲಿಂದ ಅಲ್ಲಿಗೆ ಮಾತ್ರ ಕೇಳುವ ಯಂತ್ರ. ಅಲ್ಲಿಂದ ಇಲ್ಲಿಗೆ ಒಂದು ಕೆಮ್ಮೂ ಬರುವುದಿಲ್ಲ. ಆ ಕಾಯುವಿಕೆಯಲ್ಲಿ ಅವಳು ಉಗುರುಗಳನ್ನೆಲ್ಲ ಕಚ್ಚಿ ಮುಗಿಸಿ ಪೆನ್ನಿನ ಮುಚ್ಚಳಕ್ಕೆ ಬಾಯಿ ಹಾಕಿದ್ದಳು.

ಫೋನು ಬಂತು. ಶಾಲೆಯ ಆಫೀಸಿನ ಅಕ್ಕ, ತನ್ನ ಸ್ವಂತ ಮೊಬೈಲಿನಿಂದ.

“ಯಾರಮ್ಮಾ ನೀವು, ದೇವರ ಹಾಗೆ ಗೋಡೆಯೊಳಗಿಂದ ಮಾತಾಡ್ತೀರಾ! ಮೊದಲು ಆ ಟೊಣಪ ಯಾರು ಹೇಳಿ, ಬೆಳಗಿನಿಂದ ಪ್ರಾಣ ತಿಂತಿದ್ದಾರೆ.”

“ಅಕ್ಕಾ, ಹುಡುಗಿ?”

“ಡ್ರೈವರು ನೋಡ್ಕೊಂಡು ಬಂದ. ಬಾಗಿಲು ತೆಗೆದು, ನಿಂತಲ್ಲೇ ಕೂಗಿದ್ದಾನೆ. ಸೀಟೆಲ್ಲ ಖಾಲಿ. ಯಾರೂ ಇಲ್ಲ.”

ಮಹಾತಾಯಿಗೆ ಕೋಣೆ ಒಮ್ಮೆ ತಿರುಗಿ ಮತ್ತೆ ತನ್ನ ಜಾಗಕ್ಕೆ ಬಂದು ನಿಂತ ಹಾಗಾಯಿತು. ತರಗತಿಯಲ್ಲಿಲ್ಲ, ಬಸ್ಸಿನಲ್ಲಿಲ್ಲ. ಹಾಗಾದರೆ ಬೀದಿಯಲ್ಲೇ?

“ಅವಳ ತಾಯಿಗೆ ಫೋನ್ ಮಾಡ್ತೀನಿ,” ಎಂದಳು.

“ಬೇಡ ಬೇಡ,” ಎಂದರು ಮ್ಯಾನೇಜರು. “ಹುಡುಗಿ ಸಿಗಲಿ, ಆಮೇಲೆ ಹೇಳಿದ್ರಾಯ್ತು. ಸುಮ್ನೆ ಎದೆ ಒಡ್ಕೊಳ್ತಾರೆ.”

“ನನಗೆ ಬಂದಿದ್ದು ಅವರ ಸುದ್ದಿ ಸಾರ್. ಇಟ್ಕೊಳ್ಳೋಕೆ ನಾನ್ಯಾರು?”

ತಾಯಿಯ ನಂಬರು ಎಲ್ಲಿದೆಯೆಂದು ಹುಡುಕಬೇಕಾಗಲಿಲ್ಲ. ಅದಲುಬದಲಿನಲ್ಲಿ ಅದು ಟೊಣಪನ ಹೆಸರಿನ ಮುಂದೆ ಹೋಗಿ ಕೂತಿತ್ತು. ಆಫೀಸಿನ ಫೋನಿನಿಂದ ಹಚ್ಚಿದಳು. ಮೊದಲ ರಿಂಗಿಗೇ ಆ ಹೆಂಗಸು ಎತ್ತಿಕೊಂಡಳು. ಕೇಂದ್ರದಿಂದ ಎಂದು ಹೇಳಿದ್ದೇ ತಡ:

“ಸಿಕ್ಕಿದ್ನಾ ರೀ ಆ ಹುಡುಗ? ಯಾರದೋ ಮಗು ಸುದ್ದಿ ನನ್ನ ಫೋನಿಗೆ ಬಂದಿದೆ. ಶಾಲೆಗೆ ಹಚ್ಚಿ ಹಚ್ಚಿ ಸಾಕಾಯ್ತು. ಅವನ ಹೆತ್ತವರಿಗೆ ಗೊತ್ತೋ ಇಲ್ವೋ ಅಂತ ಒಲೆ ಆರಿಸಿ ಕೂತಿದ್ದೀನಿ.”

ಮಹಾತಾಯಿ ಸುತ್ತುಬಳಸದೆ ಹೇಳಿದಳು: “ಅಮ್ಮಾ, ಟೊಣಪ ಅನ್ನೋ ಹುಡುಗನೇ ಇಲ್ಲ. ನಂಬರು ಅದಲುಬದಲಾಗಿದೆ, ತಪ್ಪು ನಮ್ಮದು. ಇಳಿದಿಲ್ಲ ಅಂತ ಬಂದಿರೋದು ನಿಮ್ಮ ಮಗಳ ಸುದ್ದಿ. ಬಸ್ಸಲ್ಲಿ ನೋಡಿದ್ದಾರೆ, ಕಾಣ್ತಿಲ್ಲ. ಹುಡುಕ್ತಿದ್ದೀವಿ.”

ಬೈಗುಳ ಬರಬಹುದೆಂದು ಮಹಾತಾಯಿ ಕಾದಳು. ಬಂದಿದ್ದರೆ ಅವಳ ಮನಸ್ಸಾದರೂ ತಣ್ಣಗಾಗುತ್ತಿತ್ತು.

“ಸೀಟಿನ ಕೆಳಗೆ ನೋಡಿದ್ರಾ?” ಎಂದಿತು ದನಿ, ಒಣಗಿದ ಎಲೆಯ ಹಾಗೆ. “ಬೆಳಗಿನಿಂದ ಮುಂದಿನ ಹಲ್ಲು ನೂಲಿನಲ್ಲಿ ನೇತಾಡ್ತಿತ್ತು. ಬೀಳೋಕೆ ಬಿಡಬೇಡ, ಬಿದ್ರೆ ಜೋಪಾನವಾಗಿ ತಾ ಅಂತ ನಾನೇ ಹೇಳಿ ಕಳಿಸಿದ್ದೆ. ಕೆಲಸ ಹಿಡಿದ್ರೆ ಯಾರು ಕೂಗಿದ್ರೂ ಓಗೊಡೋಳಲ್ಲ ರೀ ಅವಳು. ಕೆಳಗೆ ಬಗ್ಗಿ ನೋಡಕ್ಕೆ ಹೇಳಿ. ಬೇಗ.”

ಮಹಾತಾಯಿ ಧ್ವನಿವರ್ಧಕ ಹಿಡಿದಳು. ಈ ಸಲ ಜೋಗುಳವೂ ಇಲ್ಲ, ಗೀಗುಳವೂ ಇಲ್ಲ. “ಡ್ರೈವರಣ್ಣಾ! ಬಸ್ಸೊಳಗೆ ಹತ್ತಿ! ಮಂಡಿಯೂರಿ! ಒಂದೊಂದು ಸೀಟಿನ ಕೆಳಗೂ ನೋಡಿ!” ಆ ಕೂಗಿಗೆ ಶಾಲೆಯ ಗೋಡೆ ಮೇಲಿನ ನಕಾಶೆಗಳಲ್ಲಿ ನದಿಗಳು ದಿಕ್ಕು ಬದಲಿಸಿದವಂತೆ.

ತಾಯಿಯ ಫೋನು ಕಿವಿಯಲ್ಲೇ ಇತ್ತು. ಒಬ್ಬರ ಉಸಿರು ಇನ್ನೊಬ್ಬರು ಕೇಳುತ್ತ ಕೂತರು. ಮ್ಯಾನೇಜರು ಕುರ್ಚಿಯಿದ್ದರೂ ನೆಲದ ಮೇಲೆ ಕೂತಿದ್ದರು. ಗಡಿಬಿಡಿ ಒಂದು ಚಪ್ಪಲಿ ಕಳಚಿ ಎದೆಗವಚಿಕೊಂಡಿದ್ದ. ಯಾಕೆಂದು ಅವನಿಗೇ ಗೊತ್ತಿರಲಿಲ್ಲ.

ಮೇಜಿನ ಮೇಲಿದ್ದ ಅವಳ ಸ್ವಂತ ಫೋನು ಹೊಡೆದುಕೊಂಡಿತು.

“ಸಿಕ್ಕಿದ್ಲು!” ಅಕ್ಕನ ದನಿ ಒಡೆದಿತ್ತು. “ಕೊನೇ ಸೀಟಿನ ಅಡಿ, ಗೋಡೆಗೆ ಅಂಟ್ಕೊಂಡು ಮಲಗಿದ್ಲು ರೀ. ಬೆವತು ತೊಪ್ಪೆಯಾಗಿದ್ದಾಳೆ, ನೀರು ಕುಡಿಸ್ತಿದ್ದೀನಿ. ಬಿದ್ದ ಹಲ್ಲು ಹುಡುಕಕ್ಕೆ ನುಗ್ಗಿ, ಸೀಟಿನ ಕಂಬಿಗೆ ಜಡೆ ಸಿಕ್ಕಾಕ್ಕೊಂಡಿತ್ತು. ಕೂಗಿದ್ದು ಕೇಳ್ತಂತೆ. ಬಾಯಿ ತೆಗೆದ್ರೆ ರಕ್ತ ಯೂನಿಫಾರಂ ಮೇಲೆ ಬೀಳುತ್ತೆ, ಅಮ್ಮ ಬಯ್ತಾಳೆ ಅಂತ ಸುಮ್ನಿದ್ಲಂತೆ!”

ಮಹಾತಾಯಿ ಎರಡೂ ಫೋನುಗಳನ್ನು ಒಂದರ ಬಾಯಿ ಇನ್ನೊಂದರ ಕಿವಿಗೆ ಬರುವಂತೆ ಜೋಡಿಸಿ, ಹಸುಗೂಸನ್ನು ಹಿಡಿದ ಹಾಗೆ ಎರಡೂ ಕೈಯಲ್ಲಿ ಹಿಡಿದಳು. ಒಳಗಿನಿಂದ ಒಂದು ಅಳು, ಅದರ ಮೇಲೆ ಇನ್ನೊಂದು ಅಳು, ಆಮೇಲೆ “ಜಡೆ ಕಿತ್ತಿಟ್ಟಾದ್ರೂ ಕೂಗಬಾರದೇನೇ” ಎಂಬ ಬೈಗುಳ ಸಣ್ಣಗೆ ಕೇಳಿಸಿತು.

ಮ್ಯಾನೇಜರು ನೆಲದಿಂದಲೇ ಕತ್ತೆತ್ತಿದರು. “ಈಗ ಕಳಿಸಬೋದಾ ಆ ಸಂದೇಶ? ಎಲ್ಲ ಕ್ಷೇಮ ಅಂತ?”

“ಇನ್ನೊಂದು ನಿಮಿಷ ಇರಿ ಸಾರ್,” ಎಂದಳು ಮಹಾತಾಯಿ, ಫೋನುಗಳು ಅಲುಗದ ಹಾಗೆ. “ಇವರಿಬ್ಬರದು ಮುಗೀಲಿ.”